ಕೋಡಿಂಗ್ ಬರಲ್ಲ, ಟೆಕ್ ಕಂಪನಿ ಶುರು ಮಾಡ್ಬಹುದಾ?

ಈ ಸಂಚಿಕೆ ಪೂರ್ತಿ ಒಂದೇ ಪ್ರಶ್ನೆ ಮೇಲೆ. "ಐಡಿಯಾ ಇದೆ, ಕೋಡಿಂಗ್ ಬರಲ್ಲ. ಟೆಕ್ ಕಂಪನಿ ಶುರು ಮಾಡೋಕಾಗುತ್ತಾ?" ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ಸ್ನೇಹಿತರ ಗುಂಪಲ್ಲೂ ಈ ಮಾತು ಆಗಾಗ ಬರುತ್ತೆ.

ಚಿಕ್ಕ ಉತ್ತರ: ಆಗುತ್ತೆ. ಆದ್ರೆ ಬಹಳ ಜನ ಮಾಡೋ ಮೊದಲ ಕೆಲಸ ಏನಂದ್ರೆ, ಮನೆಯವರ ಉಳಿತಾಯ ತಗೊಂಡು ಹೋಗಿ ಆ್ಯಪ್ ಮಾಡಿಕೊಡೋ ಏಜೆನ್ಸಿ ಕೈಗೆ ಕೊಡೋದು. ಕೆಲವು ತಿಂಗಳಾದ ಮೇಲೆ ಆ್ಯಪ್ ಇರುತ್ತೆ, ಬಳಸೋರು ಇರಲ್ಲ. ಅದಕ್ಕೇ ಇವತ್ತು ದುಡ್ಡು ಯಾವಾಗ ಖರ್ಚು ಮಾಡ್ಬೇಕು, ಯಾವ ಕಾಗದ ಕೈಯಲ್ಲಿಟ್ಕೊಂಡು ಮಾಡ್ಬೇಕು ಅನ್ನೋದನ್ನ ನೋಡೋಣ.

ಮೊದಲು ನಮ್ಮ ಬೆಂಗಳೂರಿನದೇ ಉದಾಹರಣೆ. ಜೆರೋಧಾ ಶುರುವಾಗಿದ್ದು 2010ರಲ್ಲಿ. ಸ್ಥಾಪಕ ನಿತಿನ್ ಕಾಮತ್ ಎಂಜಿನಿಯರಿಂಗ್ ಓದಿದ್ರೂ ಅವರು ಕೋಡ್ ಬರೆದು ಬಂದವರಲ್ಲ. ವರ್ಷಗಟ್ಟಲೆ ಷೇರು ಟ್ರೇಡಿಂಗ್ ಮಾಡಿ, ಬ್ರೋಕರ್‌ಗಳಿಗೆ ಕಮಿಷನ್ ಕೊಟ್ಟು ಬಂದವರು. ಗ್ರಾಹಕನಿಗೆ ಎಲ್ಲಿ ಚುಚ್ಚುತ್ತೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ವಹಿವಾಟು ಎಷ್ಟೇ ದೊಡ್ಡದಿರಲಿ, ಒಂದು ಆರ್ಡರ್‌ಗೆ ಹೆಚ್ಚೆಂದ್ರೆ 20 ರೂಪಾಯಿ ಅನ್ನೋ ಲೆಕ್ಕ ತಂದ್ರು. ಆರಂಭದ ವರ್ಷಗಳಲ್ಲಿ ಟ್ರೇಡಿಂಗ್‌ಗೆ ಬಳಸಿದ್ದು ಬೇರೆ ಕಂಪನಿಯ ರೆಡಿಮೇಡ್ ಸಾಫ್ಟ್‌ವೇರ್. ತಂತ್ರಜ್ಞಾನ ನೋಡ್ಕೊಳ್ಳೋಕೆ ಕೈಲಾಶ್ ನಾಧ್ ಬಂದಿದ್ದು 2013ರಲ್ಲಿ, ತಮ್ಮದೇ ಪ್ಲಾಟ್‌ಫಾರ್ಮ್ 'ಕೈಟ್' ಬಂದಿದ್ದು 2015ರಲ್ಲಿ. ಅಂದ್ರೆ ಮೊದಲು ಬಂದಿದ್ದು ದರದ ಐಡಿಯಾ ಮತ್ತು ಗ್ರಾಹಕರು. ಸ್ವಂತ ಕೋಡ್ ಆಮೇಲೆ.

ಅಮೆರಿಕದ ಜಾಪೋಸ್ ಕಥೆನೂ ಇದೇ ಥರ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅನ್ನೋರು ಶೂ ಅಂಗಡಿಗಳಿಗೆ ಹೋಗಿ ಫೋಟೋ ತೆಗೆದು ಒಂದು ಸಾಧಾರಣ ವೆಬ್‌ಸೈಟ್‌ನಲ್ಲಿ ಹಾಕಿದ್ರು. ಯಾರಾದ್ರೂ ಆರ್ಡರ್ ಮಾಡಿದ್ರೆ ಅದೇ ಅಂಗಡಿಗೆ ಹೋಗಿ, ಪೂರ್ತಿ ಬೆಲೆ ಕೊಟ್ಟು ಕೊಂಡು, ಪಾರ್ಸೆಲ್ ಮಾಡಿ ಕಳಿಸೋದು. ಲಾಭ ಇಲ್ಲ. ಆದ್ರೆ ಜನ ಹಾಕಿ ನೋಡದೆ ಶೂ ಕೊಳ್ತಾರಾ ಅನ್ನೋದಕ್ಕೆ ಉತ್ತರ ಸಿಕ್ತು. 2009ರಲ್ಲಿ ಅಮೆಜಾನ್ ಆ ಕಂಪನಿಯನ್ನೇ ಕೊಂಡುಕೊಳ್ತು.

ಇದನ್ನ ನಮ್ಮ ಕಡೆಗೆ ಹಚ್ಚಿ ನೋಡೋಣ. ಸಾಗರ, ಶಿರಸಿ ಕಡೆ ಅಡಿಕೆ ಕೊಯ್ಯೋಕೆ ಕೊನೆಗಾರರು ಸಿಗೋದು ಕಷ್ಟ. ತೋಟದವರನ್ನೂ ಕೊನೆಗಾರರನ್ನೂ ಸೇರಿಸೋ ಆ್ಯಪ್ ಮಾಡ್ಬೇಕು ಅಂತ ನಿಮ್ಮ ಐಡಿಯಾ ಅಂದ್ಕೊಳ್ಳಿ. ಆ್ಯಪ್ ಬೇಡ, ಒಂದು ಸೀಸನ್ ಕೈಯಲ್ಲೇ ನಡೆಸಿ. ಒಂದು ವಾಟ್ಸ್‌ಆ್ಯಪ್ ಬಿಸಿನೆಸ್ ನಂಬರ್, ಒಂದು ಗೂಗಲ್ ಫಾರ್ಮ್, ಒಂದು ಶೀಟ್, ದುಡ್ಡಿಗೆ ಯುಪಿಐ. ಹತ್ತು ತೋಟ, ಐದು ಕೊನೆಗಾರರು ಸಾಕು. ಫೋನ್ ಮಾಡಿ ಜೋಡಿಸೋದು ನೀವೇ.

ಆಗ ಪ್ರಶ್ನೆಗಳು ತಾವಾಗೇ ಏಳ್ತವೆ. ಮಧ್ಯಾಹ್ನ ಮಳೆ ಬಂದು ಕೆಲಸ ನಿಂತ್ರೆ ಆ ದಿನದ ಕೂಲಿ ಯಾರದು? ಮುಂಗಡ ತಗೊಂಡವರು ಬರದಿದ್ರೆ? ಒಂದೇ ವಾರ ಎಲ್ಲರಿಗೂ ಬೇಕು ಅಂದ್ರೆ ಯಾರಿಗೆ ಮೊದಲು? ಕೊನೆಗೆ ಇನ್ನೂ ದೊಡ್ಡ ಪ್ರಶ್ನೆ: ತೊಂದರೆ ಇರೋದು ಹುಡುಕೋದರಲ್ಲಾ, ಅಥವಾ ಮರ ಹತ್ತೋರೇ ಕಮ್ಮಿ ಆಗಿರೋದರಲ್ಲಾ? ಎರಡನೇದಾದ್ರೆ ಯಾವ ಆ್ಯಪ್ ಕೂಡ ಇಲ್ಲದ ಕೊನೆಗಾರನನ್ನ ಹುಟ್ಟಿಸಲ್ಲ. ಆಗ ನೀವು ಮಾಡ್ಬೇಕಾದ್ದು ತರಬೇತಿ ಕೊಡೋ ವ್ಯವಹಾರ ಇರಬಹುದು. ಇದು ಕೈಯಿಂದ ನಡೆಸಿದಾಗ ಒಂದು ಸೀಸನ್‌ನಲ್ಲಿ ಗೊತ್ತಾಗುತ್ತೆ. ಆ್ಯಪ್ ಮಾಡಿಸಿ ತಿಳ್ಕೊಳ್ಳೋದು ತುಂಬಾ ದುಬಾರಿ.

"ಈಗ ಎಐ ಇದೆಯಲ್ಲ, ಅದೇ ಬರೆದುಕೊಡುತ್ತೆ" ಅಂತೀರಿ. ನಿಜ. ಗ್ಲೈಡ್‌ನಲ್ಲಿ ಶೀಟ್‌ನಿಂದಲೇ ಆ್ಯಪ್ ಮಾಡಬಹುದು, ರೆಪ್ಲಿಟ್, ಲವಬಲ್ ಥರದವು ಮಾತಲ್ಲಿ ಹೇಳಿದ್ರೆ ಕೋಡ್ ಬರೀತವೆ. ಮಾದರಿ ತೋರಿಸೋಕೆ ಅವು ಬಹಳ ಒಳ್ಳೇವು. ಆದ್ರೆ ಜನರ ದುಡ್ಡು, ಆಧಾರ್, ಫೋನ್ ನಂಬರ್ ಇಡೋ ಹಂತ ಬಂದಾಗ ಗೊತ್ತಿರೋ ಒಬ್ಬರು ಆ ಕೋಡ್ ನೋಡ್ಲೇಬೇಕು. ಮಾಹಿತಿ ಸೋರಿದ್ರೆ ಉತ್ತರ ಹೇಳೋರು ನೀವು, ಟೂಲ್ ಅಲ್ಲ.

ಇನ್ನು ಹೊರಗಿನವರ ಹತ್ರ ಕೋಡ್ ಬರೆಸೋ ಹಂತ. ಇಲ್ಲೇ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇರೋದು: ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಸಂಬಳಕ್ಕಿರೋ ನೌಕರ ಕೆಲಸದ ಭಾಗವಾಗಿ ಬರೆದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ಕಂಪನಿಯದು. ಆದ್ರೆ ಫ್ರೀಲ್ಯಾನ್ಸರ್ ಅಥವಾ ಏಜೆನ್ಸಿ ಬರೆದ್ರೆ ಸಾಮಾನ್ಯವಾಗಿ ಹಕ್ಕು ಅವರ ಹತ್ರವೇ ಉಳಿಯುತ್ತೆ. ಅದನ್ನ ನಿಮಗೆ ವರ್ಗಾಯಿಸ್ಬೇಕು, ಅದೂ ಬರಹದಲ್ಲಿ, ಅವರ ಸಹಿಯೊಂದಿಗೆ. ಕಾಯ್ದೆಯ 19ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತೆ: ಎಷ್ಟು ಅವಧಿಗೆ ಅಂತ ಬರೆಯದಿದ್ರೆ 5 ವರ್ಷ ಮಾತ್ರ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಅಂದ್ರೆ ಕಾಗದದಲ್ಲಿ ಎರಡು ವಿಷಯ ಬಿಟ್ಟುಹೋದ್ರೆ, ಕಂಪನಿ ಬೆಳೆದು ನಿಂತ ಮೇಲೆ ನಿಮ್ಮ ಆ್ಯಪ್‌ಗೆ ನೀವೇ ಮಾಲೀಕರಲ್ಲದೇ ಇರಬಹುದು. "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅಂತ ಸ್ಪಷ್ಟವಾಗಿ ಬರೆಸಿ, ವಕೀಲರಿಗೆ ತೋರಿಸಿ. ಡೊಮೇನ್, ಸರ್ವರ್, ಪ್ಲೇ ಸ್ಟೋರ್ ಖಾತೆ, ಗಿಟ್‌ಹಬ್ ಎಲ್ಲಾ ನಿಮ್ಮ ಇಮೇಲ್‌ನಲ್ಲೇ ತೆರೀರಿ. ಹಣವನ್ನ ಕೆಲಸ ಮುಗಿದಷ್ಟಕ್ಕೆ ಕಂತಲ್ಲಿ ಕೊಡಿ.

ಕೋಡಿಂಗ್ ಬರೋ ಸ್ನೇಹಿತರನ್ನೇ ಪಾಲುದಾರರನ್ನಾಗಿ ತಗೊಂಡ್ರೆ? ಒಳ್ಳೇದೇ. ಆದ್ರೆ 40 ಪರ್ಸೆಂಟ್ ಷೇರು ಮೊದಲ ದಿನವೇ ಕೊಟ್ಟುಬಿಡಬೇಡಿ. ಸ್ಟಾರ್ಟಪ್‌ಗಳಲ್ಲಿ ರೂಢಿಯಲ್ಲಿರೋದು ವೆಸ್ಟಿಂಗ್: 4 ವರ್ಷದಲ್ಲಿ ಷೇರು ಸ್ವಲ್ಪ ಸ್ವಲ್ಪವಾಗಿ ಅವರದಾಗುತ್ತೆ, ಮೊದಲ ವರ್ಷ ತುಂಬೋ ತನಕ ಏನೂ ಇಲ್ಲ. ಆರೇ ತಿಂಗಳಿಗೆ ಬೇರೆ ಕೆಲಸ ಸಿಕ್ಕಿ ಹೋದ್ರೆ ಸೊನ್ನೆ. ಒಂದೂವರೆ ವರ್ಷಕ್ಕೆ ಹೋದ್ರೆ 15 ಪರ್ಸೆಂಟ್. ಇದೇ ನಿಯಮ ನಿಮಗೂ ಇರಲಿ, ಆಗ ಸ್ನೇಹಕ್ಕೂ ಮುಜುಗರ ಇಲ್ಲ.

ಒಂದು ಮಾತು ಗಮನಿಸಿ. ಒಳ್ಳೇ ಪ್ರೋಗ್ರಾಮರ್‌ಗಳಿಗೆ ಐಡಿಯಾ ಹೇಳೋರು ದಿನಾ ಸಿಗ್ತಾರೆ. "ಹತ್ತು ತೋಟದವರು ಈಗಾಗಲೇ ದುಡ್ಡು ಕೊಡ್ತಿದ್ದಾರೆ, ಇದು ಶೀಟ್ ನೋಡಿ" ಅನ್ನೋರು ಸಿಗೋದು ಅಪರೂಪ. ಗ್ರಾಹಕರ ಜೊತೆ ಮಾತಾಡೋದು, ಲೆಕ್ಕ ಇಡೋದು, ಒಪ್ಪಂದ ಓದೋದು, ಇವು ಮೂರೂ ಕೋಡಿಂಗ್ ಬರದವರು ಮಾಡೋ ಕೆಲಸಗಳೇ. ಹಾಗಾಗಿ ಈ ವಾರ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ನಿಮ್ಮ ಐಡಿಯಾ ಯಾರಿಗೆ ಬೇಕೋ ಅಂಥ ಐದು ಜನಕ್ಕೆ ಫೋನ್ ಮಾಡಿ. "ಚೆನ್ನಾಗಿದೆ" ಅಂದ್ರೆ ಸಾಕಾಗಲ್ಲ, ಮುಂಗಡ ಕೊಡ್ತಾರಾ ಕೇಳಿ. ಏನಂದ್ರು ಅಂತ ನನಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.