ಕೆನಡಾದ ಹಿತ್ತಲಲ್ಲಿ ನಾಲ್ಕು ಗಿಡ ಓಕೆ, ಬೆಂಗಳೂರಿನ ಬಾಲ್ಕನಿಯಲ್ಲಿ ಒಂದೂ ಇಲ್ಲ: ಗಾಂಜಾ ಬೆಳೆಯೋ ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣದಾಗಿ ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳಿ ಇಯರ್‌ಫೋನ್ ಹಾಕ್ಕೊಳ್ಳೋರು ಹಾಕ್ಕೊಳ್ಳಿ, ಯಾಕಂದ್ರೆ ಮನೇಲಿ ಸ್ಪೀಕರ್‌ನಲ್ಲಿ ಕೇಳಿದ್ರೆ ಅಮ್ಮ ಏನೋ ಅಂದ್ಕೋತಾರೆ. ವಿಷಯ ಗಾಂಜಾ ಗಿಡ. ಸೇದೋದರ ಬಗ್ಗೆ ಅಲ್ಲ, ಬೆಳೆಯೋದರ ಬಗ್ಗೆ.

ಇದನ್ನ ಯಾಕೆ ತಗೊಂಡೆ ಅಂದ್ರೆ, ರೀಲ್ಸ್‌ನಲ್ಲಿ ಈಗ ಇಂಥ ವಿಡಿಯೋ ಬೇಕಾದಷ್ಟಿವೆ. ಒಬ್ಬ ಆರಾಮಾಗಿ ತನ್ನ ಹಿತ್ತಲಿನ ಪುಟ್ಟ ಗ್ರೀನ್‌ಹೌಸ್ ಬಾಗಿಲು ತೆಗೀತಾನೆ, ಒಳಗೆ ಆಳೆತ್ತರದ ಗಿಡಗಳು, ಹಿಂದೆ ಮ್ಯೂಸಿಕ್. ನೋಡಿದ್ರೆ ಟೊಮೆಟೊ ಹಾಕಿದಷ್ಟೇ ಸುಲಭ ಅನ್ಸುತ್ತೆ. ಆದರೆ ಆ ವಿಡಿಯೋ ಯಾವ ದೇಶದ್ದು, ಯಾವ ಪ್ರಾಂತ್ಯದ್ದು ಅಂತ ಕ್ಯಾಪ್ಶನ್‌ನಲ್ಲಿ ಇರಲ್ಲ. ಇಡೀ ಕಥೆ ನಿಂತಿರೋದೇ ಅದರ ಮೇಲೆ. ನಮ್ಮ ಕೇಳುಗರಲ್ಲಿ ಟೊರೊಂಟೊ, ಬ್ರಾಂಪ್ಟನ್, ವ್ಯಾಂಕೂವರ್ ಕಡೆ ಓದೋರು, ಕೆಲಸ ಮಾಡೋರು ಇದ್ದಾರೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೂತು ಅದೇ ವಿಡಿಯೋ ನೋಡೋರೂ ಇದ್ದಾರೆ. ಇಬ್ಬರಿಗೂ ಲೆಕ್ಕ ಬೇರೆ ಬೇರೆ. ಮೊದಲು ಕೆನಡಾ ನೋಡೋಣ, ಆಮೇಲೆ ಊರಿಗೆ ಬರೋಣ.

ನಾಲ್ಕು ಅಂದ್ರೆ ಮನೆಗೆ ನಾಲ್ಕು

ಕೆನಡಾದಲ್ಲಿ ಕ್ಯಾನಬಿಸ್ ಕಾಯ್ದೆ ಜಾರಿಗೆ ಬಂದಿದ್ದು 2018ರ ಅಕ್ಟೋಬರ್ 17ಕ್ಕೆ. ಅದರ ಪ್ರಕಾರ ವಯಸ್ಕರು ಮನೇಲಿ ಸ್ವಂತ ಬಳಕೆಗೆ 4 ಗಿಡ ಬೆಳೀಬಹುದು. ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. 4 ಗಿಡ ಅಂದ್ರೆ ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಒಂದು ಬೇಸ್‌ಮೆಂಟ್ ಮನೇಲಿ ಐದು ಜನ ರೂಮ್‌ಮೇಟ್ಸ್ ಇದ್ರೆ 20 ಗಿಡ ಆಗಲ್ಲ, ಅದೇ 4. ಲಿಮಿಟ್ ವಿಳಾಸದ ಮೇಲಿದೆ, ವ್ಯಕ್ತಿಯ ಮೇಲಲ್ಲ.

ಎರಡನೇದು, ದೇಶದ ಕಾನೂನು ಒಂದು, ಪ್ರಾಂತ್ಯದ ನಿಯಮ ಇನ್ನೊಂದು. ಕನಿಷ್ಠ ವಯಸ್ಸು ಒಂಟಾರಿಯೊದಲ್ಲಿ 19, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ಕ್ವಿಬೆಕ್ ಅಂತೂ ಮನೇಲಿ ಬೆಳೆಯೋದನ್ನೇ ನಿಷೇಧಿಸಿದೆ. ಅದನ್ನ ಪ್ರಶ್ನಿಸಿದ ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು, 2023ರ ಏಪ್ರಿಲ್‌ನಲ್ಲಿ ಕೋರ್ಟ್ ಕ್ವಿಬೆಕ್‌ನ ನಿಷೇಧ ಸರಿ ಅಂತ ಹೇಳ್ತು. ಅಂದ್ರೆ ಒಟ್ಟಾವಾದಲ್ಲಿ ಇರೋನಿಗೆ ನಾಲ್ಕು, ನದಿ ದಾಟಿ ಗ್ಯಾಟಿನೋದಲ್ಲಿ ಇರೋನಿಗೆ ಸೊನ್ನೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಳೀಬಹುದು, ಆದರೆ ಗಿಡ ಸಾರ್ವಜನಿಕ ಜಾಗದಿಂದ ಕಾಣಬಾರದು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹೊರಗೆ ಬೆಳೆಯೋದಾದ್ರೆ ಬೀಗ ಹಾಕಿದ ಆವರಣ ಬೇಕು. ಹಾಗಾಗಿ ಗ್ರೀನ್‌ಹೌಸ್ ಆರ್ಡರ್ ಮಾಡೋ ಮುಂಚೆ ನಿಮ್ಮ ಪ್ರಾಂತ್ಯದ ಸರ್ಕಾರಿ ವೆಬ್‌ಸೈಟ್ ಓದಿ.

ಮೂರನೇದು ಬಾಡಿಗೆ. ಸರ್ಕಾರ ಬಿಟ್ಟಿದೆ ಅಂದ ಮಾತ್ರಕ್ಕೆ ಓನರ್ ಬಿಡಬೇಕು ಅಂತಿಲ್ಲ. ಲೀಸ್‌ನಲ್ಲಿ ‘ಕ್ಯಾನಬಿಸ್ ಬೆಳೆಯುವಂತಿಲ್ಲ’ ಅಂತ ಒಂದು ಸಾಲು ಇರಬಹುದು. ಕಾಂಡೋ ಆಗಿದ್ರೆ ಅವರ ನಿಯಮಾವಳಿ ಬೇರೆ.

ಸೇವಂತಿಗೆ ಗೊತ್ತಿದ್ರೆ ಈ ಗಿಡ ಅರ್ಥ ಆಗುತ್ತೆ

ಈಗ ಗಿಡದ ವಿಷಯ. ಚಿಕ್ಕಬಳ್ಳಾಪುರ, ಕೋಲಾರ ಕಡೆ ರಾತ್ರಿ ಬಸ್‌ನಲ್ಲಿ ಹೋಗುವಾಗ ಸೇವಂತಿಗೆ ತೋಟದಲ್ಲಿ ಸಾಲಾಗಿ ಬಲ್ಬ್ ಉರಿಯೋದನ್ನ ನೋಡಿರ್ತೀರ. ಅದು ಡೆಕೊರೇಶನ್ ಅಲ್ಲ. ಸೇವಂತಿಗೆ ರಾತ್ರಿ ಉದ್ದ ಆದಾಗ ಹೂ ಬಿಡೋ ಗಿಡ. ರಾತ್ರಿ ಬೆಳಕು ಕೊಟ್ರೆ ಅದಕ್ಕೆ ‘ಇನ್ನೂ ರಾತ್ರಿ ಉದ್ದ ಆಗಿಲ್ಲ’ ಅನ್ಸುತ್ತೆ, ಹೂ ಬಿಡದೆ ಬೆಳೀತಾ ಹೋಗುತ್ತೆ. ಹಬ್ಬದ ಮಾರ್ಕೆಟ್‌ಗೆ ಸರಿಯಾಗಿ ಹೂ ಬರಲಿ ಅಂತ ರೈತರು ಹೀಗೆ ಟೈಮಿಂಗ್ ಮಾಡ್ತಾರೆ.

ಕ್ಯಾನಬಿಸ್ ಕೂಡ ಅದೇ ಜಾತಿಯ ಸ್ವಭಾವದ್ದು. ಟೊರೊಂಟೊದಲ್ಲಿ ಜೂನ್ ಕೊನೆಗೆ ಹಗಲು 15 ಗಂಟೆಗೂ ಹೆಚ್ಚು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಹಾಗಾಗಿ ಅಲ್ಲಿ ಗಿಡ ಜೂನ್, ಜುಲೈ ಪೂರ್ತಿ ಎಲೆ, ಕೊಂಬೆ ಬೆಳೆಸುತ್ತೆ. ಆಗಸ್ಟ್‌ನಲ್ಲಿ ಹಗಲು ಕಡಿಮೆ ಆಗ್ತಾ ಬಂದಾಗ ಹೂವಿಗೆ ತಿರುಗುತ್ತೆ. ಕಟಾವು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ಅಷ್ಟರಲ್ಲಿ ಅಲ್ಲಿ ಹಿಮದ ಚಳಿ ಬಾಗಿಲಿಗೆ ಬಂದಿರುತ್ತೆ. ಗ್ರೀನ್‌ಹೌಸ್ ಬೇಕಾಗೋದು ಇದಕ್ಕೇ. ಶುರುವಿನಲ್ಲಿ ಎರಡು ಮೂರು ವಾರ, ಕೊನೆಯಲ್ಲಿ ಎರಡು ಮೂರು ವಾರ ಹೆಚ್ಚುವರಿ ಸೀಸನ್ ಸಿಗುತ್ತೆ.

ದಕ್ಷಿಣ ಒಂಟಾರಿಯೊದ ತೋಟಗಾರರು ಸಸಿಗಳನ್ನ ಹೊರಗಿಡೋಕೆ ಮೇ ಕೊನೆಯ ವಿಕ್ಟೋರಿಯಾ ಡೇ ವೀಕೆಂಡ್‌ಗೆ ಕಾಯ್ತಾರೆ. ಹೊಸಬರೂ ಅದನ್ನೇ ಹಿಡೀಬಹುದು. ಬೀಜ ಲೈಸೆನ್ಸ್ ಇರೋ ಅಂಗಡಿಯಿಂದಲೇ ತಗೋಬೇಕು, ಬಿಲ್ ಇಟ್ಕೊಳ್ಳಿ. ‘ಆಟೋಫ್ಲವರ್’ ಅಂತ ಇನ್ನೊಂದು ಬಗೆ ಬೀಜ ಸಿಗುತ್ತೆ. ಅದು ಹಗಲು ರಾತ್ರಿ ಲೆಕ್ಕ ನೋಡಲ್ಲ, ವಯಸ್ಸಾದ ಕೂಡಲೇ ಹೂ ಬಿಡುತ್ತೆ, ಗಿಡವೂ ಚಿಕ್ಕದು. ಸೀಸನ್ ಕಮ್ಮಿ ಇರೋ ಕಡೆ, ಜಾಗ ಕಮ್ಮಿ ಇರೋ ಕಡೆ ಹೊಸಬರಿಗೆ ಅದು ಅನುಕೂಲ.

ಸೇವಂತಿಗೆ ಪಾಠ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತೆ. ನಿಮ್ಮ ಹಿತ್ತಲಿಗೆ ಬೀದಿ ದೀಪ ಬೀಳ್ತಿದ್ರೆ, ಪಕ್ಕದ ಮನೆ ಸೆಕ್ಯೂರಿಟಿ ಲೈಟ್ ರಾತ್ರಿಯೆಲ್ಲ ಆನ್ ಆಫ್ ಆಗ್ತಿದ್ರೆ, ಗಿಡ ಹೂ ಬಿಡೋದು ತಡ ಆಗುತ್ತೆ. ಗ್ರೀನ್‌ಹೌಸ್ ಇಡೋ ಜಾಗ ಆರಿಸುವಾಗ ಹಗಲಿನ ಬಿಸಿಲು ನೋಡಿದ ಹಾಗೇ ರಾತ್ರಿಯ ಕತ್ತಲೆಯನ್ನೂ ಹೋಗಿ ನೋಡಿ.

ಇನ್ನು ಗಂಡು ಗಿಡ, ಹೆಣ್ಣು ಗಿಡ. ಇದರಲ್ಲಿ ಎರಡೂ ಬೇರೆ ಬೇರೆ. ಜನಕ್ಕೆ ಬೇಕಿರೋದು ಹೆಣ್ಣು ಗಿಡದ ಹೂ. ಒಂದೇ ಒಂದು ಗಂಡು ಗಿಡ ಉಳಿದ್ರೂ ಪರಾಗ ಹರಡಿ, ಹೂವಿನ ತುಂಬ ಬೀಜ ಕಟ್ಟುತ್ತೆ. ಅದಕ್ಕೆ ಅಂಗಡಿಯಲ್ಲಿ ಹೆಣ್ಣು ಗಿಡವೇ ಬರೋ ಹಾಗೆ ಮಾಡಿದ ಬೀಜ ಮಾರ್ತಾರೆ. ‘ಎಂಟು ಹಾಕೋಣ, ಗಂಡು ಬಂದ್ರೆ ಕಿತ್ತು ನಾಲ್ಕು ಉಳಿಸೋಣ’ ಅಂತ ಪ್ಲಾನ್ ಮಾಡಬೇಡಿ. ಎಂಟು ಇದ್ದ ದಿನವೇ ನೀವು ಲಿಮಿಟ್ ದಾಟಿರ್ತೀರ.

ಬೆಳೆ ಹಾಳಾಗೋದು ಚಳಿಯಿಂದ ಅಲ್ಲ, ತೇವದಿಂದ

ಹೊಸಬರು ಗ್ರೀನ್‌ಹೌಸ್ ಅಂದ್ರೆ ಮುಚ್ಚಿಡೋದು ಅಂದ್ಕೋತಾರೆ. ನಮ್ಮ ಕಡೆ ಪಾಲಿಹೌಸ್ ಇಟ್ಟಿರೋ ರೈತರನ್ನ ಕೇಳಿ, ಮೊದಲು ಹೇಳೋದೇ ಗಾಳಿ. ಅದೇ ಮಾತು ಇಲ್ಲೂ. ಹೂ ದಪ್ಪ ಆಗೋ ಸೆಪ್ಟೆಂಬರ್‌ನಲ್ಲಿ ರಾತ್ರಿ ತಣ್ಣಗಾದಾಗ ಒಳಗಿನ ತೇವ ಪ್ಲಾಸ್ಟಿಕ್ ಮೇಲೆ ಹನಿಯಾಗುತ್ತೆ, ಗಿಡದ ಮೇಲೂ ಕೂರುತ್ತೆ. ಆಗ ಬೊಟ್ರೈಟಿಸ್ ಅನ್ನೋ ಬೂದು ಬಣ್ಣದ ಬೂಷ್ಟು ಹೂವಿನ ಒಳಗಿಂದ ಶುರುವಾಗುತ್ತೆ. ಹೊರಗೆ ಕಾಣೋ ಹೊತ್ತಿಗೆ ಒಳಗೆ ಕಂದು ಆಗಿ ಕೊಳೆತಿರುತ್ತೆ. ವಿಜಯಪುರ, ಬಾಗಲಕೋಟೆ ದ್ರಾಕ್ಷಿ ರೈತರಿಗೆ ಗೊತ್ತಿರೋ ಬೂದಿ ರೋಗ ಕೂಡ ಈ ಗಿಡಕ್ಕೆ ಬರುತ್ತೆ, ಎಲೆ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ.

ಇದಕ್ಕೆ ದುಬಾರಿ ಔಷಧಿ ಬೇಕಿಲ್ಲ. ನೀರು ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಮೇಲೆ ಒಂದು, ಕೆಳಗೆ ಒಂದು ಕಿಂಡಿ ಇರೋ ಗ್ರೀನ್‌ಹೌಸ್ ತಗೊಳ್ಳಿ. ಒಂದು ಚಿಕ್ಕ ಫ್ಯಾನ್ ಓಡ್ತಿರಲಿ. ಜುಲೈನಲ್ಲಿ ಕುಡಿ ಚಿವುಟಿ, ಗಿಡ ಎತ್ತರ ಹೋಗೋ ಬದಲು ಅಗಲ ಆಗುತ್ತೆ, ಮಧ್ಯೆ ಗಾಳಿ ಆಡುತ್ತೆ. 6 ಅಡಿಗೆ 8 ಅಡಿ ಗ್ರೀನ್‌ಹೌಸ್‌ನಲ್ಲಿ ನಾಲ್ಕು ದೊಡ್ಡ ಗಿಡ ಒತ್ತೊತ್ತಾಗುತ್ತೆ, ಎರಡು ಸಾಕು. ಬೂಷ್ಟು ಬಂದ ಭಾಗ ಕಂಡ್ರೆ ಕತ್ತರಿಸಿ ಬಿಸಾಡಿ. ‘ಅರ್ಧ ಚೆನ್ನಾಗಿದೆ’ ಅಂತ ಇಟ್ಕೊಳ್ಳೋದು ಶ್ವಾಸಕೋಶಕ್ಕೆ ಅಪಾಯ.

ಬಿ.ಕಾಂ. ಕಣ್ಣಲ್ಲಿ ನೋಡಿದ್ರೆ

ಈಗ ನನ್ನ ಸಬ್ಜೆಕ್ಟ್. ಗ್ರೀನ್‌ಹೌಸ್, ಮಣ್ಣು, ಕುಂಡ, ಫ್ಯಾನ್, ಬೀಜ, ಬೀಗ ಎಲ್ಲ ಖರ್ಚಿನ ಕಾಲಮ್‌ನಲ್ಲಿ. ಆದಾಯದ ಕಾಲಮ್‌ನಲ್ಲಿ ಏನು ಬರೀತೀರ? ಸೊನ್ನೆ. ಯಾಕಂದ್ರೆ ಮಾರೋ ಹಾಗಿಲ್ಲ. ಒಂದು ಗ್ರಾಂ ಮಾರಿದ್ರೂ ಅಪರಾಧ. ಇನ್ನೊಬ್ಬ ವಯಸ್ಕರಿಗೆ ದುಡ್ಡಿಲ್ಲದೆ 30 ಗ್ರಾಂ ಒಣ ಹೂವಿನವರೆಗೆ ಕೊಡಬಹುದು, ಹೊರಗೆ ಜೊತೇಲಿ ಇಟ್ಕೊಳ್ಳೋಕೂ ಅದೇ 30 ಗ್ರಾಂ ಮಿತಿ. ಚೆನ್ನಾಗಿ ಬೆಳೆದ ಒಂದೇ ಗಿಡ ನೂರಾರು ಗ್ರಾಂ ಕೊಡಬಹುದು. ಅಂದ್ರೆ ನಾಲ್ಕು ಗಿಡ ಬಂದ್ರೆ ಬಳಸೋಕೂ ಆಗಲ್ಲ, ಮಾರೋಕೂ ಆಗಲ್ಲ. ಸ್ಟಾಕ್ ತುಂಬಿದ ಗೋಡೌನ್ ಥರ. ಆಗ ತಲೆಗೆ ಬರೋ ಆಲೋಚನೆ, ‘ಗೊತ್ತಿರೋರಿಗೆ ಖರ್ಚಿಗೆ ಆಗೋಷ್ಟು ತಗೊಂಡು ಕೊಡೋಣ’. ಅಪಾಯ ಇರೋದು ಅಲ್ಲೇ.

ಲೈಸೆನ್ಸ್ ಇಲ್ಲದೆ ಮಾರೋದಕ್ಕೆ, ಲಿಮಿಟ್ ಮೀರಿ ಬೆಳೆಯೋದಕ್ಕೆ ಕೆನಡಾದಲ್ಲಿ ಗರಿಷ್ಠ ಶಿಕ್ಷೆ 14 ವರ್ಷ ಜೈಲು. ಸಣ್ಣ ಉಲ್ಲಂಘನೆಗೆ ದಂಡದ ಟಿಕೆಟ್ ಕೊಟ್ಟು ಬಿಡಬಹುದು. ಆದರೆ ಕ್ರಿಮಿನಲ್ ಕೇಸ್ ಆಗಿ ಶಿಕ್ಷೆ ಆದ್ರೆ ಸಿಟಿಜನ್‌ಗೂ ನಮ್ಮವರಿಗೂ ವ್ಯತ್ಯಾಸ ಇದೆ. ಅಲ್ಲಿನ ವಲಸೆ ಕಾನೂನಿನಲ್ಲಿ, ಗರಿಷ್ಠ 10 ವರ್ಷ ಅಥವಾ ಹೆಚ್ಚು ಶಿಕ್ಷೆ ಇರೋ ಅಪರಾಧ ‘ಗಂಭೀರ ಅಪರಾಧ’ ಅಂತ ಲೆಕ್ಕ. ನಿಮಗೆ ಕೋರ್ಟ್ ಕೊಟ್ಟ ಶಿಕ್ಷೆ ಚಿಕ್ಕದೇ ಇರಲಿ, ಕಾಯ್ದೆಯಲ್ಲಿರೋ ಗರಿಷ್ಠವನ್ನ ನೋಡ್ತಾರೆ. ಸ್ಟೂಡೆಂಟ್ ವೀಸಾ, ವರ್ಕ್ ಪರ್ಮಿಟ್ ಮಾತ್ರ ಅಲ್ಲ, ಪಿ.ಆರ್. ಕೂಡ ಕೈತಪ್ಪಬಹುದು. ಅಪ್ಪ ಜಮೀನು ಅಡ ಇಟ್ಟು ಕಳಿಸಿರ್ತಾರೆ. ಎರಡು ಗಿಡದ ಹವ್ಯಾಸಕ್ಕೆ ಅಷ್ಟು ದೊಡ್ಡ ಅಡಮಾನ ಬೇಕಾ, ಯೋಚಿಸಿ.

ಮನೇಲಿ ಮಕ್ಕಳು, ನಾಯಿ ಇದ್ರೆ ಗ್ರೀನ್‌ಹೌಸ್‌ಗೂ ಬೀಗ, ಒಣಗಿಸಿಟ್ಟ ಡಬ್ಬಕ್ಕೂ ಬೀಗ. ಮಕ್ಕಳು ತಿಂದ್ರೆ ಆಸ್ಪತ್ರೆಗೆ ಓಡೋ ಪರಿಸ್ಥಿತಿ ಬರುತ್ತೆ.

ಊರಿಗೆ ಬಂದ್ರೆ

ಈಗ ಭಾರತ. ಇಲ್ಲಿ ಲೆಕ್ಕ ಚಿಕ್ಕದು. 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ ಕ್ಯಾನಬಿಸ್ ಗಿಡ ಬೆಳೆಯೋದನ್ನ ನಿಷೇಧಿಸುತ್ತೆ. 20(ಎ) ಪ್ರಕಾರ ಶಿಕ್ಷೆ 10 ವರ್ಷದವರೆಗೆ ಕಠಿಣ ಜೈಲು, ಜೊತೆಗೆ 1 ಲಕ್ಷ ರೂಪಾಯಿವರೆಗೆ ದಂಡ.

‘ಸಣ್ಣ ಪ್ರಮಾಣ ಇದ್ರೆ ಏನೂ ಆಗಲ್ಲ ಅಲ್ವಾ?’ ಅಂತ ಕೇಳ್ತಾರೆ. ಗಾಂಜಾ ಇಟ್ಕೊಂಡಿರೋದಕ್ಕೆ 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಅದಕ್ಕೂ 1 ವರ್ಷದವರೆಗೆ ಜೈಲು ಇದೆ. ಗಿಡ ಬೆಳೆಯೋ ಸೆಕ್ಷನ್‌ನಲ್ಲಿ ಆ ಸಣ್ಣ, ದೊಡ್ಡ ಅನ್ನೋ ವಿಂಗಡಣೆಯೇ ಇಲ್ಲ. ಅಂದ್ರೆ ಅರ್ಧ ಕೆ.ಜಿ. ಗಾಂಜಾ ಜೊತೆ ಸಿಕ್ಕವನಿಗಿಂತ ಪಾಟ್‌ನಲ್ಲಿ ಗಿಡ ಇಟ್ಟವನ ಮೇಲಿನ ಸೆಕ್ಷನ್ ಹೆಚ್ಚು ಭಾರ. ಜಮೀನಿನ ಮಾಲೀಕರಿಗೂ ಜವಾಬ್ದಾರಿ ಇದೆ. ತಮ್ಮ ಜಾಗದಲ್ಲಿ ಬೆಳೀತಿರೋದು ಗೊತ್ತಿದ್ದೂ ಸುಮ್ಮನಿದ್ರೆ ಅದೂ ಅಪರಾಧ. ಅಜ್ಜನ ತೋಟದ ಮೂಲೆಯಲ್ಲಿ ‘ಟ್ರೈ’ ಮಾಡೋರು ಇದನ್ನ ನೆನಪಿಟ್ಕೊಳ್ಳಿ, ಸಿಕ್ಕಿಹಾಕ್ಕೊಳ್ಳೋದು ಅಜ್ಜನೂ ಹೌದು.

‘ಭಂಗಿ ಓಕೆ ಅಂತ ಹೈಕೋರ್ಟೇ ಹೇಳಿದೆಯಲ್ಲ?’ 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರಲ್ಲ ಅಂದಿದ್ದು ನಿಜ. ಯಾಕಂದ್ರೆ ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂವಿನ ತುದಿ. ಬರೀ ಎಲೆ, ಬೀಜ ಆ ವ್ಯಾಖ್ಯಾನದಲ್ಲಿಲ್ಲ. ಆದರೆ ಅದು ಎಲೆಯ ಮಾತು. ಗಿಡ ನೆಡೋ ಅನುಮತಿ ಅಲ್ಲ. ಹಾಗೇ ಉತ್ತರಾಖಂಡದಲ್ಲಿ ಹೆಂಪ್ ಬೆಳೀತಾರೆ, ಅಂಗಡೀಲಿ ಹೆಂಪ್ ಬೀಜ ಸಿಗುತ್ತೆ ಅನ್ನೋದೂ ನಿಜ. ಅದು ಸರ್ಕಾರದ ಲೈಸೆನ್ಸ್ ಇರೋ, ನಶೆ ಅಂಶ ತೀರಾ ಕಡಿಮೆ ಇರೋ ಬೆಳೆ. ಹಿತ್ತಲಿನ ಕಥೆ ಅಲ್ಲ.

2024ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ದಂಪತಿ ಬಾಲ್ಕನಿಯ ಪಾಟ್‌ಗಳಲ್ಲಿ ಗಾಂಜಾ ಬೆಳೆಸಿ ಸಿಕ್ಕಿಬಿದ್ದ ಸುದ್ದಿ ನೆನಪಿರಬಹುದು. ಪೊಲೀಸರಿಗೆ ಸುಳಿವು ಸಿಕ್ಕಿದ್ದು ಅವರದೇ ಫೇಸ್‌ಬುಕ್ ಪೋಸ್ಟ್‌ನಿಂದ. ತಮ್ಮ ಗಿಡಗಳನ್ನ ತೋರಿಸೋಕೆ ಹಾಕಿದ್ದು.

ಕೊನೇದಾಗಿ, ಎರಡೂ ದೇಶದ ಮಧ್ಯೆ ಓಡಾಡೋರಿಗೆ. ಕೆನಡಾದಲ್ಲಿ ಕಾನೂನುಬದ್ಧವಾಗಿ ಕೊಂಡಿದ್ದೇ ಆದ್ರೂ ಗಡಿ ದಾಟಿಸೋದು ಅಲ್ಲೂ ಅಪರಾಧ. ಒಂದು ಬೀಜ ಆದ್ರೂ ಅಷ್ಟೇ. ರಜೆಗೆ ಬರೋ ಮುಂಚೆ ಜಾಕೆಟ್ ಜೇಬು, ಬ್ಯಾಗಿನ ಸೈಡ್ ಜಿಪ್, ಎಲ್ಲ ಒಂದ್ಸಲ ಖಾಲಿ ಮಾಡಿ ನೋಡಿ. ‘ಮಚ್ಚಾ, ಬರುವಾಗ ನಾಲ್ಕು ಬೀಜ ತಾರೋ’ ಅಂತ ಊರಿಂದ ಯಾರಾದ್ರೂ ಮೆಸೇಜ್ ಹಾಕಿದ್ರೆ, ಈ ಎಪಿಸೋಡ್ ಲಿಂಕ್ ಕಳಿಸಿ.

ಕಾನೂನು ಬದಲಾಗ್ತಾ ಇರುತ್ತೆ, ನಿಮ್ಮ ಸ್ವಂತ ಕೇಸ್‌ಗೆ ವಕೀಲರನ್ನೇ ಕೇಳಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಮಾಡಿ ಕಳಿಸಿ, ಹೆಸರು ಹೇಳದೆ ಉತ್ತರ ಕೊಡ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.