ಮಳೆಗಾಲದ ಥಂಡಿಗೆ ಎಂಥ ಹೊಗೆಗೂಡು?

ಕೊಡಗಿನಲ್ಲಿ ಒಲೆಯ ಮೇಲ್ಗಡೆ ಮಾಂಸವನ್ನು ತೂಗುಹಾಕಿ, ಹೊಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಹಳೆಯ ರೂಢಿ. ಈಗ ಹಿತ್ತಿಲಿನಲ್ಲಿ ಹೊಗೆಗೂಡು ಮಾಡಿಕೊಂಡು ಹಂದಿಮಾಂಸ ಬೇಯಿಸಬಯಸುವ ರೈತರು ಒಂದು ಮಾತನ್ನು ನೆನಪಿಡಬೇಕು: ಹೊಗೆ ಕೊಡುವುದು ರುಚಿ, ಬೇಯಿಸುವುದು ಶಾಖ.

ತೆಳು ತಗಡಿನ ಗೂಡು ಕಕ್ಕಡದ ಗಾಳಿಮಳೆಗೆ ಬೇಗನೆ ತಣ್ಣಗಾಗುತ್ತದೆ. ಮಾಂಸವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬಹಳ ಹೊತ್ತು ಉಳಿದರೆ ರೋಗಾಣುಗಳು ಹೆಚ್ಚುತ್ತವೆ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ತಗಲುವ ಅಪಾಯವೂ ಉಂಟು. ಆದುದರಿಂದ ಇಟ್ಟಿಗೆ ಮತ್ತು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆಯ ಗೂಡು ಉತ್ತಮ. ಅದು ಕಾಯುವುದು ನಿಧಾನವಾದರೂ ಕಾದ ಮೇಲೆ ಶಾಖವನ್ನು ಹಿಡಿದಿಡುತ್ತದೆ. ಬಾಗಿಲು ಬಿಗಿಯಾಗಿರಲಿ, ಕೆಳಗೆ ತೆರೆದು ಮುಚ್ಚಬಹುದಾದ ಗಾಳಿಕಿಂಡಿ, ಮೇಲೆ ಹೊಗೆಕೊಳವೆ ಇರಲಿ.

200 ಲೀಟರಿನ ಡ್ರಮ್ಮನ್ನೇ ಬಳಸುವುದಾದರೆ ಅಡುಗೆ ಎಣ್ಣೆ ತುಂಬಿದ್ದುದನ್ನು ಆರಿಸಿರಿ. ಕೀಟನಾಶಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಸತು ಲೇಪಿಸಿದ ತಗಡೂ ಬೇಡ. ಬಿಸಿಗೆ ವಿಷದ ಹೊಗೆ ಬರುತ್ತದೆ.

ಗೂಡು ಗಾಳಿಗೆ ಮರೆಯಾಗಿರಲಿ, ಆದರೆ ಮಳೆಯೆಂದು ಮನೆಯೊಳಗೆ ಅಥವಾ ಮುಚ್ಚಿದ ಕೊಟ್ಟಿಗೆಯೊಳಗೆ ಇಡಬೇಡಿ. ಕೆಂಡದಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲದು.

ಚೆನ್ನಾಗಿ ಒಣಗಿದ ಕಾಫಿ ಅಥವಾ ಸೀಬೆ ಕಟ್ಟಿಗೆ ಉರಿಸಿರಿ. ಹಸಿ ಸೌದೆಯ ದಟ್ಟ ಹೊಗೆಯಿಂದ ಮಾಂಸ ಕಹಿಯಾಗುತ್ತದೆ. ಮೇಲಿನ ಬಣ್ಣ ನೋಡಿ ಬೆಂದಿತೆಂದು ನಿರ್ಧರಿಸಬೇಡಿ. ದಪ್ಪಭಾಗದ ನಡುವಿಗೆ ತಾಪಮಾಪಕ ಚುಚ್ಚಿ ನೋಡಿ, 71 ಡಿಗ್ರಿ ಮುಟ್ಟಿದ ಮೇಲೆಯೇ ಇಳಿಸಿರಿ.