ಕೊಬ್ಬು ಇಳಿಸುವುದು ಎಲ್ಲಿಂದ?

ಕನ್ನಡದಲ್ಲಿ ಕೊಬ್ಬು ಎಂಬ ಮಾತಿಗೆ ಎರಡು ಅರ್ಥ. ಒಂದು ಚರ್ಮದ ಕೆಳಗಿರುವುದು, ಇನ್ನೊಂದು ತಲೆಗೇರುವುದು. 'ಅವನ ಕೊಬ್ಬು ಇಳಿಸಬೇಕು' ಎಂದು ಯಾರಾದರೂ ಹೇಳಿದರೆ ಎಲ್ಲಿಂದ ಎಂದು ಕೇಳುವವರಿಲ್ಲ. ಆದರೆ ಮೊದಲನೆಯ ಅರ್ಥದ ಕೊಬ್ಬನ್ನು ಇಳಿಸಿಕೊಳ್ಳಲು ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಅದು. ಹೊಟ್ಟೆಯಿಂದಲೋ, ತೊಡೆಯಿಂದಲೋ, ತೋಳಿನಿಂದಲೋ, ಗಲ್ಲದ ಅಡಿಯಿಂದಲೋ?

ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ತೆಳುವಾದ ಲೋಹದ ಕೊಳವೆ ತೂರಿಸಿ, ಒಳಗಿರುವ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಲೈಪೊಸಕ್ಷನ್ ಎಂದು ಹೆಸರು. ಕೇಳುವುದಕ್ಕೆ ಸರಳ. ಹೀರುವ ಯಂತ್ರಕ್ಕೆ ಎಲ್ಲ ಜಾಗವೂ ಒಂದೇ. ದೇಹಕ್ಕೆ ಹಾಗಲ್ಲ. ಒಂದು ಕಡೆ ಸಲೀಸಾಗಿ ಮುಗಿಯುವ ಕೆಲಸ ಇನ್ನೊಂದು ಕಡೆ ಕಾಲನ್ನೇ ಕಳೆದಿದೆ, ಕೆಲವೊಮ್ಮೆ ಜೀವವನ್ನೂ ತೆಗೆದಿದೆ. ಈ ಚಿಕಿತ್ಸೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಜಾಗದ ಆಯ್ಕೆಯ ಚರಿತ್ರೆ.

ಕಾಲಿನಿಂದ ಬೆನ್ನಿಗೆ

ಮೊದಮೊದಲು ಕೊಬ್ಬು ತೆಗೆಯಲು ಇದ್ದದ್ದು ಕತ್ತಿ ಮಾತ್ರ. 1899ರಲ್ಲಿ ಅಮೆರಿಕದ ಬಾಲ್ಟಿಮೋರಿನ ಸ್ತ್ರೀರೋಗ ತಜ್ಞ ಹೋವರ್ಡ್ ಕೆಲ್ಲಿ, ಜೋತುಬಿದ್ದ ಹೊಟ್ಟೆಯ ಕೊಬ್ಬನ್ನು ಚರ್ಮಸಮೇತ ಕತ್ತರಿಸಿ ತೆಗೆದ ಪ್ರಕರಣವನ್ನು ವರದಿ ಮಾಡಿದ. 1920ರ ದಶಕದಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಷಾರ್ಲ್ ದುಜಾರಿಯೆ ಎಂಬಾತನ ಬಳಿಗೆ ಒಬ್ಬ ಯುವತಿ ಬಂದಳು. ವೈದ್ಯಕೀಯ ಗ್ರಂಥಗಳು ಆಕೆಯನ್ನು ನರ್ತಕಿ ಎನ್ನುತ್ತವೆ. ತನ್ನ ಕಾಲು ದಪ್ಪ, ತೆಳುವಾಗಬೇಕು ಎಂಬುದಷ್ಟೇ ಆಕೆಯ ಬಯಕೆ. ಕಾಲಿನಲ್ಲಿ ರೋಗವೇನೂ ಇರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕಾಲು ಕೊಳೆಯತೊಡಗಿ ಕತ್ತರಿಸಲೇಬೇಕಾಯಿತು. 1929ರಲ್ಲಿ ಅಲ್ಲಿನ ನ್ಯಾಯಾಲಯ ವೈದ್ಯನ ವಿರುದ್ಧ ತೀರ್ಪು ಕೊಟ್ಟಿತು. ಆ ಮೇಲೆ ದಶಕಗಳ ಕಾಲ ಈ ಬಗೆಯ ಪ್ರಯತ್ನಕ್ಕೆ ಹೆಚ್ಚು ಮಂದಿ ಕೈ ಹಾಕಲಿಲ್ಲ.

ಅಲ್ಲಿ ಆದ ತಪ್ಪು ಕೈಯದ್ದಷ್ಟೇ ಅಲ್ಲ, ಜಾಗದ್ದೂ ಹೌದು. ಮೀನಖಂಡದಲ್ಲಿ ಚರ್ಮ ಮತ್ತು ಸ್ನಾಯುವಿನ ನಡುವೆ ಕೊಬ್ಬಿನ ಪದರ ತೆಳು. ಕಾಲು ದಪ್ಪವಾಗಿ ಕಂಡರೆ ಅದರಲ್ಲಿ ಸ್ನಾಯುವಿನ ಪಾಲೇ ಹೆಚ್ಚಿರಬಹುದು. ಪಾದದವರೆಗೆ ರಕ್ತ ಒಯ್ಯುವ ನಾಳಗಳು ಅಲ್ಲಿಯೇ ಹಾದುಹೋಗುತ್ತವೆ. ಇಂದಿಗೂ ಮೀನಖಂಡ ಮತ್ತು ಹರಡಿನ ಭಾಗವನ್ನು ಮುಟ್ಟಲು ಅನುಭವಿ ವೈದ್ಯರೂ ಹಿಂದೆಮುಂದೆ ನೋಡುತ್ತಾರೆ. ಮುಟ್ಟಿದರೂ ಬಾವು ತಿಂಗಳುಗಟ್ಟಲೆ ಉಳಿಯುತ್ತದೆ.

1964ರಲ್ಲಿ ಬ್ರೆಜಿಲ್‌ನ ಇವೊ ಪಿತಾಂಗಿ ತೊಡೆಯ ಹೊರಬದಿಯ ಕೊಬ್ಬನ್ನು ತೆಗೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕೊಬ್ಬು ಹೋಗುತ್ತಿತ್ತು, ಉದ್ದನೆಯ ಕಲೆ ಉಳಿಯುತ್ತಿತ್ತು. 1970ರ ದಶಕದ ನಡುವೆ ರೋಮಿನ ಆರ್ಪಾದ್ ಮತ್ತು ಜಾರ್ಜಿಯೊ ಫಿಷರ್ ಎಂಬ ತಂದೆ ಮಗ ಟೊಳ್ಳು ಕೊಳವೆಯಿಂದ ಕೊಬ್ಬು ಹೀರುವ ಸಾಧನ ರೂಪಿಸಿದರು. ನಿಜವಾದ ತಿರುವು ಬಂದದ್ದು 1977ರಲ್ಲಿ, ಮತ್ತೆ ಪ್ಯಾರಿಸಿನಲ್ಲಿ. ಇವ್ ಜೆರಾರ್ ಇಲೂಜ್ ಎಂಬ ವೈದ್ಯರ ಬಳಿಗೆ ಬಂದ ಯುವತಿಯ ಬೆನ್ನಿನ ಮೇಲೆ ದೊಡ್ಡದೊಂದು ಕೊಬ್ಬಿನ ಗಡ್ಡೆ ಇತ್ತು. ಗಡ್ಡೆ ಹೋಗಬೇಕು, ಆದರೆ ಬೆನ್ನ ಮೇಲೆ ಉದ್ದನೆಯ ಕಲೆ ಬೇಡ ಎಂದಳು. ಇಲೂಜ್ ಸಣ್ಣ ರಂಧ್ರದಿಂದ ಮೊಂಡು ತುದಿಯ ಕೊಳವೆ ತೂರಿಸಿ ಗಡ್ಡೆಯನ್ನು ಹೀರಿ ತೆಗೆದರು.

ಮೊಂಡು ತುದಿ ರಕ್ತನಾಳಗಳನ್ನು ಕತ್ತರಿಸುವ ಬದಲು ಬದಿಗೆ ಸರಿಸುತ್ತದೆ. ಕೊಬ್ಬಿನಲ್ಲಿ ಸುರಂಗಗಳಾಗುತ್ತವೆ. ಸುರಂಗಗಳ ನಡುವೆ ಉಳಿಯುವ ಸೇತುವೆಗಳು ಚರ್ಮಕ್ಕೆ ರಕ್ತ ಮತ್ತು ಸ್ಪರ್ಶಜ್ಞಾನವನ್ನು ಒಯ್ಯುತ್ತಲೇ ಇರುತ್ತವೆ. ಬೆನ್ನಿನ ಗಡ್ಡೆಯ ಮೇಲೆ ಫಲಿಸಿದ ಈ ಉಪಾಯವನ್ನು ಇಲೂಜ್ ತೊಡೆಗೆ, ಸೊಂಟಕ್ಕೆ, ಹೊಟ್ಟೆಗೆ ವಿಸ್ತರಿಸಿದರು. 1980ರ ದಶಕದಲ್ಲಿ ಅದು ಅಟ್ಲಾಂಟಿಕ್ ದಾಟಿ ಜಗತ್ತಿನಾದ್ಯಂತ ಹಬ್ಬಿತು.

ಎರಡು ಬಗೆಯ ಹೊಟ್ಟೆ

ಕೊಬ್ಬು ತೆಗೆಸಲು ಬರುವವರಲ್ಲಿ ಅನೇಕರು ಮೊದಲು ಬೊಟ್ಟು ಮಾಡುವುದು ಹೊಟ್ಟೆಯ ಕಡೆಗೆ. ಇಲ್ಲಿಯೇ ತಿಳಿಯಬೇಕಾದ ದೊಡ್ಡ ಸಂಗತಿ ಇದೆ. ಹೊಟ್ಟೆಯ ಕೊಬ್ಬು ಎರಡು ಕಡೆ ಶೇಖರವಾಗುತ್ತದೆ. ಒಂದು, ಚರ್ಮಕ್ಕೂ ಸ್ನಾಯುವಿನ ಗೋಡೆಗೂ ನಡುವೆ. ಬೆರಳಿನಲ್ಲಿ ಹಿಡಿದರೆ ಕೈಗೆ ಸಿಗುವುದು ಇದು. ಇನ್ನೊಂದು, ಸ್ನಾಯುವಿನ ಗೋಡೆಯ ಒಳಗೆ, ಕರುಳಿನ ಸುತ್ತ. ಇದು ಕೈಗೆ ಸಿಗುವುದಿಲ್ಲ, ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ತಳ್ಳುತ್ತದೆ. ಅಂಗಾತ ಮಲಗಿದಾಗ ಮೊದಲ ಬಗೆಯ ಹೊಟ್ಟೆ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಎರಡನೆಯದು ಗುಡ್ಡದಂತೆ ಎದ್ದೇ ಇರುತ್ತದೆ.

ಕೊಳವೆ ತಲುಪುವುದು ಮೊದಲನೆಯದನ್ನು ಮಾತ್ರ. ಒಳಗಿನ ಕೊಬ್ಬನ್ನು ಹೀರಲು ಬರುವುದಿಲ್ಲ. ಅಲ್ಲಿರುವುದು ಕರುಳು. ವಿಪರ್ಯಾಸವೆಂದರೆ, ಆರೋಗ್ಯಕ್ಕೆ ಹೆಚ್ಚು ಕೇಡು ಮಾಡುವುದು ಆ ಒಳಗಿನದೇ. ಕೊಬ್ಬು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ ಎಂದು 1947ರಲ್ಲಿಯೇ ಫ್ರಾನ್ಸಿನ ಮಾರ್ಸೆಯ ವೈದ್ಯ ಜಾನ್ ವಾಗ್ ತೋರಿಸಿದ್ದರು. ಗಂಡಸರಲ್ಲಿ ಹೆಚ್ಚಾಗಿ ಕಾಣುವಂತೆ ದೇಹದ ಮೇಲ್ಭಾಗದಲ್ಲಿ ಕೊಬ್ಬು ಸೇರಿದರೆ ಮಧುಮೇಹ, ಹೃದ್ರೋಗಗಳ ಭಯ ಹೆಚ್ಚು. ಹೆಂಗಸರಲ್ಲಿ ಹೆಚ್ಚಾಗಿ ಕಾಣುವಂತೆ ತೊಡೆ, ನಿತಂಬದಲ್ಲಿ ಸೇರಿದರೆ ಅಷ್ಟಿಲ್ಲ.

2004ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ 15 ಮಂದಿ ಸ್ಥೂಲದೇಹಿ ಮಹಿಳೆಯರ ಹೊಟ್ಟೆಯ ಹೊರಪದರದಿಂದ ತಲಾ ಸುಮಾರು 10 ಕಿಲೋ ಕೊಬ್ಬನ್ನು ತೆಗೆದು ನೋಡಿದರು. ಎರಡು ಮೂರು ತಿಂಗಳ ನಂತರ ಪರೀಕ್ಷಿಸಿದಾಗ ಅವರ ರಕ್ತದೊತ್ತಡವಾಗಲಿ, ಇನ್ಸುಲಿನ್ ಕೆಲಸ ಮಾಡುವ ಬಗೆಯಾಗಲಿ, ರಕ್ತದ ಕೊಬ್ಬಿನ ಅಂಶಗಳಾಗಲಿ ಸುಧಾರಿಸಿರಲಿಲ್ಲ. ಅಷ್ಟೇ ತೂಕವನ್ನು ಊಟ ಮತ್ತು ನಡಿಗೆಯಿಂದ ಇಳಿಸಿದ್ದರೆ ಇವೆಲ್ಲ ಸುಧಾರಿಸುತ್ತಿದ್ದವು. ಭಾರತೀಯರಿಗೆ ಇದು ಇನ್ನೂ ಹತ್ತಿರದ ಮಾತು. ನಮ್ಮ ಜನರಲ್ಲಿ ಮೈ ದಪ್ಪವಿಲ್ಲದಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚು. ಆದ್ದರಿಂದಲೇ ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಸೊಂಟದ ಸುತ್ತಳತೆಯನ್ನೇ ಎಚ್ಚರಿಕೆಯ ಗೆರೆಯಾಗಿ ಇಟ್ಟಿದ್ದಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ನಡುವಯಸ್ಸಿನವರು ಲೈಪೊಸಕ್ಷನ್‌ನಿಂದ ಪಡೆಯುವುದು ಬಹಳ ಕಡಿಮೆ.

ತೆಗೆಯುವುದು, ಬಿಡುವುದು

ಹಾಗಾದರೆ ಯಾವ ಜಾಗ ಸೂಕ್ತ? ವೈದ್ಯರು ಸಾಮಾನ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಕೊಬ್ಬು ಚರ್ಮದ ಕೆಳಗೇ ಇರಬೇಕು. ಊಟ ವ್ಯಾಯಾಮಗಳಿಗೆ ಜಗ್ಗದೆ ಒಂದೇ ಕಡೆ ಕೂತಿರಬೇಕು. ಮೇಲಿನ ಚರ್ಮಕ್ಕೆ ಮತ್ತೆ ಕುಗ್ಗುವ ಶಕ್ತಿ ಇರಬೇಕು.

ಎರಡನೆಯದಕ್ಕೆ ಒಳ್ಳೆಯ ಉದಾಹರಣೆ ಹೆಂಗಸರ ತೊಡೆಯ ಹೊರಬದಿ. ಫ್ರೆಂಚರು ಇದಕ್ಕೆ ಕುದುರೆ ಸವಾರರ ಚಲ್ಲಣ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ದೇಹಕ್ಕೆ ಶಕ್ತಿ ಬೇಕಾದಾಗ ಅಡ್ರಿನಲಿನ್ ಆಜ್ಞೆ ಕೊಟ್ಟರೆ ಹೊಟ್ಟೆಯ ಕೊಬ್ಬು ಬೇಗ ಕರಗುತ್ತದೆ, ತೊಡೆಯದು ತಡೆಯುತ್ತದೆ. ಹಾಲೂಡಿಸುವ ಕಾಲದಲ್ಲಿ ಮಾತ್ರ ಅದು ಸ್ವಲ್ಪ ಸಡಿಲಗೊಳ್ಳುತ್ತದೆ. ಅದು ಕೂಸಿಗಾಗಿ ಕಟ್ಟಿಟ್ಟ ಬುತ್ತಿ. ಮೈಯೆಲ್ಲ ಇಳಿದರೂ ತೊಡೆ ಇಳಿಯಲಿಲ್ಲ ಎಂದು ಕೊರಗುವವರ ತಪ್ಪು ಅಲ್ಲಿ ಏನೂ ಇಲ್ಲ.

ಮೂರನೆಯದು ಚರ್ಮ. ಗಲ್ಲದ ಅಡಿಯಲ್ಲಿ ಕೊಬ್ಬು ಸ್ವಲ್ಪವೇ ಇದ್ದು ಚರ್ಮ ಬಿಗಿಯಾಗಿದ್ದರೆ ಫಲ ಚೆನ್ನಾಗಿರುತ್ತದೆ. ತೊಡೆಯ ಒಳಬದಿಯ ಚರ್ಮ ತೆಳು, ಬೇಗ ಜೋತುಬೀಳುತ್ತದೆ. ಎರಡು ಮೂರು ಹೆರಿಗೆಯಾದ ಹೊಟ್ಟೆಯಲ್ಲಿ ಚರ್ಮ ಸಡಿಲವಾಗಿ ಸ್ನಾಯುಗಳು ನಡುವೆ ಅಗಲಿದ್ದರೆ, ಕೊಬ್ಬು ಹೀರಿದರೆ ಉಳಿಯುವುದು ಖಾಲಿ ಚೀಲ. ಅಲ್ಲಿ ಬೇಕಾಗುವುದು ಬೇರೆ ಶಸ್ತ್ರಚಿಕಿತ್ಸೆ. ಹೊಟ್ಟೆಯ ಗೋಡೆಯಲ್ಲಿ ಹರ್ನಿಯಾ ಇದ್ದರಂತೂ ಕೊಳವೆಯ ತುದಿ ಕರುಳಿಗೇ ತಗುಲುವ ಭಯ.

ಬಿಡಬೇಕಾದ ಜಾಗಗಳದ್ದೂ ಒಂದು ಪಟ್ಟಿ ಇದೆ. ನಿತಂಬದ ಕೆಳಗಿನ ಮಡಿಕೆ, ತೊಡೆಯ ಒಳಬದಿಯ ನಡುಭಾಗ, ಮಂಡಿಯ ಹಿಂದಕ್ಕೆ ಸ್ವಲ್ಪ ಮೇಲೆ, ಇಂಥ ಕೆಲವು ಕಡೆ ಚರ್ಮ ಒಳಗಿನ ಪದರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಲ್ಲಿ ಹೀರಿದರೆ ಗುಳಿ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ನಿತಂಬದ ಅಡಿಯ ಉಬ್ಬನ್ನು ಅತಿಯಾಗಿ ತೆಗೆದರೆ ನಿತಂಬವೇ ಕೆಳಗೆ ಜಾರುತ್ತದೆ. ಬೇಡವೆಂದು ಕಂಡದ್ದು ಮೇಲಿನದಕ್ಕೆ ಆಸರೆಯಾಗಿತ್ತು ಎಂಬುದು ತೆಗೆದ ಮೇಲೆ ತಿಳಿಯುತ್ತದೆ. ಈ ಕಾರಣಕ್ಕೇ ಗುರುತು ಹಾಕುವುದು ರೋಗಿ ನಿಂತಿರುವಾಗ. ಮಲಗಿದರೆ ಕೊಬ್ಬು ಸ್ಥಳ ಬದಲಿಸುತ್ತದೆ. ಭೂಪಟದ ಮೇಲೆ ಗುಡ್ಡದ ಎತ್ತರ ತೋರಿಸುವ ಸಮೋನ್ನತ ರೇಖೆಗಳಂತೆ ವೈದ್ಯರು ಚರ್ಮದ ಮೇಲೆ ವೃತ್ತದೊಳಗೆ ವೃತ್ತ ಎಳೆಯುತ್ತಾರೆ. ಮುಟ್ಟಬಾರದ ಜಾಗಕ್ಕೂ ಗುರುತು ಬೀಳುತ್ತದೆ.

ಒಂದೇ ಸಲಕ್ಕೆ ಎಷ್ಟು ಜಾಗ?

ಬಂದದ್ದು ಬಂದಾಯಿತು, ಹೊಟ್ಟೆ, ತೊಡೆ, ತೋಳು ಎಲ್ಲ ಒಂದೇ ಸಲ ಆಗಲಿ ಎನ್ನುವವರಿದ್ದಾರೆ. ಅಪಾಯ ಹೆಚ್ಚುವುದು ಇಲ್ಲಿ. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1985ರಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ತೀರಾ ತೆಳುಮಾಡಿದ ಲಿಗ್ನೋಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ದ್ರವವನ್ನು ಕೊಬ್ಬಿನೊಳಕ್ಕೆ ತುಂಬುತ್ತಾರೆ. ನೋವು ತಿಳಿಯುವುದಿಲ್ಲ, ರಕ್ತ ಹೋಗುವುದೂ ಬಹಳ ಕಡಿಮೆ. ಆದರೆ ಲಿಗ್ನೋಕೇನ್‌ಗೆ ಮಿತಿ ಇದೆ. ದೇಹದ ತೂಕದ ಕಿಲೋ ಒಂದಕ್ಕೆ 35 ಮಿಲಿಗ್ರಾಂ ಎಂದು ಕ್ಲೈನ್ 1990ರಲ್ಲಿ ಲೆಕ್ಕ ಕೊಟ್ಟರು. 60 ಕಿಲೋ ತೂಗುವವರಿಗೆ ಇದು 2100 ಮಿಲಿಗ್ರಾಂ. ಲೀಟರಿಗೆ 500ರಿಂದ 1000 ಮಿಲಿಗ್ರಾಂ ಬೆರೆಸಿದರೆ ಎರಡರಿಂದ ನಾಲ್ಕು ಲೀಟರ್ ದ್ರವಕ್ಕೆ ಮಿತಿ ಮುಗಿಯುತ್ತದೆ. ಈ ಮಿತಿ ಇಡೀ ದೇಹದ್ದು, ಜಾಗವೊಂದರದ್ದಲ್ಲ. ಹೊಟ್ಟೆಗೆ ಖರ್ಚಾದದ್ದು ತೊಡೆಗೆ ಸಿಗುವುದಿಲ್ಲ. ಒಂದೇ ಸಲಕ್ಕೆ ಐದು ಲೀಟರಿಗಿಂತ ಹೆಚ್ಚು ಹೀರುವುದನ್ನು ವೈದ್ಯಲೋಕ ದೊಡ್ಡ ಶಸ್ತ್ರಚಿಕಿತ್ಸೆ ಎಂದೇ ಎಣಿಸುತ್ತದೆ. ಅಂಥವರು ರಾತ್ರಿ ಆಸ್ಪತ್ರೆಯಲ್ಲೇ ನಿಗಾದಲ್ಲಿರಬೇಕು.

1994ರಿಂದ 1998ರ ನಡುವೆ ಅಮೆರಿಕದಲ್ಲಿ ನಡೆದ ಸುಮಾರು 5 ಲಕ್ಷ ಲೈಪೊಸಕ್ಷನ್‌ಗಳ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಸರಿಸುಮಾರು 5000ಕ್ಕೆ ಒಂದು ಸಾವು ಸಂಭವಿಸಿತ್ತು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ ಸೇರಿದ್ದು ಮೊದಲ ಕಾರಣ, ಹೊಟ್ಟೆಯೊಳಗಿನ ಅಂಗಕ್ಕೆ ಕೊಳವೆ ಚುಚ್ಚಿದ್ದು ಇನ್ನೊಂದು ಮುಖ್ಯ ಕಾರಣ. ಕರ್ನಾಟಕಕ್ಕೆ ಈ ಅಪಾಯ ಸುದ್ದಿಯಾಗಿ ತಟ್ಟಿದ್ದು 2022ರ ಮೇ ತಿಂಗಳಲ್ಲಿ. ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆಂದು ಹೋಗಿ ತೀರಿಕೊಂಡರು.

ಕಣ್ಣು ಆರಿಸುವ ಜಾಗ

ಇಷ್ಟೆಲ್ಲ ಅಂಗರಚನೆಯ ಮಾತಾಯಿತು. ಆದರೆ ಯಾವ ಜಾಗ 'ಹೆಚ್ಚಾಯಿತು' ಎಂದು ಮೊದಲು ತೀರ್ಮಾನಿಸುವುದು ಕಣ್ಣು. ಆ ಕಣ್ಣು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಚರಕ ಸಂಹಿತೆ ಅತಿಸ್ಥೂಲನನ್ನು ವರ್ಣಿಸುವಾಗ ನಿತಂಬ, ಹೊಟ್ಟೆ, ಎದೆ ಎಂಬ ಮೂರು ಜಾಗಗಳನ್ನು ಹೆಸರಿಸುತ್ತದೆ. ಆದರೆ ಅದರ ಚಿಂತೆ ರೂಪದ್ದಲ್ಲ, ಆಯುಷ್ಯದ್ದು. ಅದು ಹೇಳುವ ಚಿಕಿತ್ಸೆಯೂ ಇಡೀ ದೇಹಕ್ಕೆ, ಆಹಾರ ಮತ್ತು ಒಣಪುಡಿಯ ಉದ್ವರ್ತನದಿಂದ. ಇತ್ತ ನಮ್ಮ ಕಾವ್ಯಗಳಲ್ಲಿ ಹೆಣ್ಣಿನ ಹೊಟ್ಟೆಯ ಮೇಲಿನ ಮೂರು ಮಡಿಕೆ, ತ್ರಿವಳಿ, ಚೆಲುವಿನ ಲಕ್ಷಣ. ಬೇಲೂರಿನ ಮದನಿಕೆಯರ ತುಂಬಿದ ನಿತಂಬವನ್ನು ಕೊರತೆಯೆಂದು ಯಾವ ಶಿಲ್ಪಿಯೂ ಎಣಿಸಲಿಲ್ಲ.

ಪಶ್ಚಿಮದಲ್ಲೂ ಇದೇ ಕಥೆ. 1980ರ ದಶಕದಲ್ಲಿ ಸೊಂಟದ ಕೆಳಗಿನ ಉಬ್ಬು ಇಳಿಯಬೇಕೆಂದು ಜನ ಸಾಲುಗಟ್ಟಿದರು. ಮೂವತ್ತು ವರ್ಷಗಳ ನಂತರ ಹೊಟ್ಟೆಯಿಂದ ತೆಗೆದ ಕೊಬ್ಬನ್ನೇ ನಿತಂಬಕ್ಕೆ ತುಂಬಿಸಿಕೊಳ್ಳುವ ಚಿಕಿತ್ಸೆ ಜನಪ್ರಿಯವಾಯಿತು. ಸ್ನಾಯುವಿನೊಳಗೆ ಚುಚ್ಚಿದ ಕೊಬ್ಬು ದೊಡ್ಡ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋದದ್ದರಿಂದ ಸಾವುಗಳಾದವು. 2018ರಲ್ಲಿ ಬ್ರಿಟನ್ನಿನ ಸೌಂದರ್ಯ ಶಸ್ತ್ರವೈದ್ಯರ ಸಂಘ ಅದನ್ನು ಮಾಡದಿರಿ ಎಂದು ತನ್ನ ಸದಸ್ಯರಿಗೆ ಸೂಚಿಸಬೇಕಾಯಿತು.

ದೇಹಕ್ಕೂ ತನ್ನದೇ ನೆನಪಿದೆ. ದೊಡ್ಡವರ ದೇಹದಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ, ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡುಕೊಂಡರು. 2011ರಲ್ಲಿ ಅಮೆರಿಕದ ಕೊಲರಾಡೊದಲ್ಲಿ, ತೊಡೆ ಮತ್ತು ಕೆಳಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. ಹೋದ ಕೊಬ್ಬು ವರ್ಷದೊಳಗೆ ಮರಳಿತ್ತು. ತೊಡೆಗಲ್ಲ, ಹೆಚ್ಚಾಗಿ ಹೊಟ್ಟೆಯ ಮೇಲ್ಭಾಗಕ್ಕೆ.

ಹಾಗೆಂದು ಈ ಚಿಕಿತ್ಸೆ ನಿಷ್ಪ್ರಯೋಜಕವೇನಲ್ಲ. ಕಾಲುಗಳಲ್ಲಿ ನೋವಿನ ಕೊಬ್ಬು ಬೆಳೆದು ಪಾದ ಮಾತ್ರ ಸಣ್ಣಗುಳಿಯುವ ಲಿಪಿಡೀಮಾ ಎಂಬ ರೋಗವನ್ನು 1940ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಗುರುತಿಸಿದರು. ಅದು ಪಥ್ಯಕ್ಕೆ ಬಗ್ಗುವುದಿಲ್ಲ. ಅಂಥವರಿಗೆ, ಎದೆಯ ಉಬ್ಬಿನಿಂದ ಅಂಗಿ ಬಿಚ್ಚಲು ನಾಚುವ ಹುಡುಗರಿಗೆ, ಕೊಬ್ಬಿನ ಗಡ್ಡೆಗಳಿಗೆ ಕೊಳವೆ ನಿಜವಾದ ಉಪಕಾರ ಮಾಡಿದೆ. ಉಳಿದವರು ವೈದ್ಯರ ಮುಂದೆ ಕೂತಾಗ 'ಎಲ್ಲಿಂದ ತೆಗೆಯುತ್ತೀರಿ?' ಎಂಬುದರ ಜೊತೆಗೆ 'ಎಲ್ಲಿ ತೆಗೆಯುವುದಿಲ್ಲ, ಏಕೆ?' ಎಂದೂ ಕೇಳುವುದು ಒಳ್ಳೆಯದು. ಎರಡನೆಯದಕ್ಕೆ ಬಿಡಿಸಿ ಉತ್ತರ ಹೇಳದ ಕಡೆಯಿಂದ ಎದ್ದು ಬರುವುದೇ ಕ್ಷೇಮ.